ತೊಂಬತ್ತಾರು ಅಂಕದ ಎಮ್ಮೆ

ಎಮ್ಮೆಗೆ ಖುಷಿಯಾಗಿದೆಯೇ ಎಂದು ಧಾರವಾಡದಲ್ಲಿ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಬಿದ್ದಿರಲಿಲ್ಲ. ಎಮ್ಮೆ ಹಾಲು ಕೊಡುತ್ತಿತ್ತು, ಹಾಲು ಪೇಡೆಯಾಗುತ್ತಿತ್ತು, ಪೇಡೆ ತಿಂದವರು ಖುಷಿಪಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಏನು ಮಾಡಿದರೂ ಏನೂ ತಟ್ಟದ ಪ್ರಾಣಿ ಎಂದೇ ಊರು ಅದನ್ನು ನಂಬಿತ್ತು. ಆಮೇಲೆ ಮುಖಮಾಪಕ ಬಂತು.

ಅಂಗೈಯಗಲದ ಡಬ್ಬಿ. ಮೇವು ಹಾಕುವ ಗೋದಲಿಯ ಮೇಲೆ, ಎಮ್ಮೆಯ ಮೂತಿಗೆ ಎದುರಾಗಿ ಮೊಳೆ ಹೊಡೆದು ಕೂರಿಸುವುದು. ಅದರೊಳಗಿನ ಕ್ಯಾಮೆರಾ ಕಣ್ಣು ಮಿಟುಕಿಸದೆ ಮುಖವನ್ನೇ ನೋಡುತ್ತಿರುತ್ತದೆ. ಕಿವಿ ಎಷ್ಟು ಹಿಂದಕ್ಕೆ ವಾಲಿದೆ, ಕಣ್ಣಿನ ಮೇಲಿನ ಚರ್ಮ ಎಷ್ಟು ಬಿಗಿದಿದೆ, ಬಿಳಿಗುಡ್ಡೆ ಎಷ್ಟು ಕಾಣುತ್ತಿದೆ, ಮೂಗಿನ ಹೊಳ್ಳೆ ಸಹಜವಾಗಿದೆಯೋ ಸೆಟೆದಿದೆಯೋ, ದವಡೆ ಸಡಿಲವಾಗಿದೆಯೋ ಕಚ್ಚಿಕೊಂಡಿದೆಯೋ. ಬಾಯಿಲ್ಲದ ಪ್ರಾಣಿ ತನ್ನ ನೋವನ್ನು ಈ ಜಾಗಗಳಲ್ಲಿ ಬರೆದಿಟ್ಟಿರುತ್ತದೆ ಎಂಬುದು ಅದರ ತತ್ವ. ಎಲ್ಲವನ್ನೂ ಕೂಡಿಸಿ ಕಳೆದು ನೂರಕ್ಕೆ ಇಷ್ಟು ಎಂದು ನೆಮ್ಮದಿಯ ಅಂಕ ಕೊಡುತ್ತದೆ. ಅಂಕ ಚೆನ್ನಾಗಿದ್ದರೆ ಹಸಿರು ದೀಪ, ಕುಸಿದರೆ ಹಳದಿ, ತೀರ ಕುಸಿದರೆ ಕೆಂಪು. ಮೂರು ದಿನ ಬಿಡದೆ ಕೆಂಪು ಉರಿದರೆ ವ್ಯಾನು ಬಂದು ಎಮ್ಮೆಯನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಒಯ್ಯುತ್ತದೆ. ಹಸಿರಾದ ಮೇಲೆ ವಾಪಸು ಕಳಿಸುತ್ತೇವೆ ಎಂದು ಕಾನೂನು ಹೇಳುತ್ತದೆ. ಆದರೆ ಗುರುತು ಪರಿಚಯವಿಲ್ಲದ ಆ ಜಾಗದಲ್ಲಿ ಯಾವ ಎಮ್ಮೆಯೂ ಹಸಿರಾದದ್ದಿಲ್ಲ. ಹೋದದ್ದು ಹೋಯಿತು.

ಮನುಷ್ಯರು ಯಾವುದಕ್ಕಾದರೂ ಒಗ್ಗಿಕೊಳ್ಳುತ್ತಾರೆ, ಇದಕ್ಕೂ ಒಗ್ಗಿಕೊಂಡರು. ಪೇಡೆ ಅಂಗಡಿಗಳು ಡಬ್ಬಿಯ ಮೇಲೆ ಎಮ್ಮೆಯ ಅಂಕ ಅಚ್ಚು ಹಾಕಿಸಿದವು. ತಲೆಮಾರುಗಳಿಂದ ಎಮ್ಮೆ ಸಾಕಿಕೊಂಡು ಬಂದ ಗವಳಿ ಓಣಿಯ ಜನ ಮುಖಮಾಪಕಕ್ಕೆ ‘ಮಾಸ್ತರ’ ಎಂದು ಹೆಸರಿಟ್ಟರು. ಮಾರ್ಕ್ಸ್ ಕೊಡುವವನು ಮಾಸ್ತರನಲ್ಲದೆ ಇನ್ಯಾರು? “ಇವತ್ತ ನಿಮ್ಮ ಮಾಸ್ತರ ಎಷ್ಟು ಕೊಟ್ಟಾನ?” ಎಂದು ನಲ್ಲಿಯ ಹತ್ತಿರ ಹೆಂಗಸರು ಕೇಳಿಕೊಳ್ಳುತ್ತಿದ್ದರು. “ನಮ್ಮ ಮನ್ಯಾಗ ಒಲಿ ಮುಂದೂ ಒಂದು ಹಚ್ರಿ ಅಂತ ಹೇಳೇನವಾ, ನಂದೂ ಮಾರಿ ನೋಡ್ಲಿ” ಎಂದು ಒಬ್ಬಳು ಅಂದರೆ ಉಳಿದವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಈ ಮಾಸ್ತರನಿಗೆ ಎಮ್ಮೆಯ ಮುಖ ಓದಲು ಕಲಿಸಿದವರು ಡಾಕ್ಟರ್ ಪ್ರಭಾವತಿ ಇಟಗಿ. ಹೊರದೇಶದ ಯಂತ್ರಗಳು ಬಿಳಿ ಮುಖದ ಆಕಳುಗಳನ್ನು ನೋಡಿ ಕಲಿತಿದ್ದವು. ಕತ್ತಲ ಕೊಟ್ಟಿಗೆಯ ಕರಿ ಎಮ್ಮೆ ಎದುರಾದರೆ ಅವಕ್ಕೆ ಕಿವಿ ಯಾವುದು ಕಣ್ಣು ಯಾವುದು ತಿಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ ಬೆಳಕನ್ನು ಓರೆಯಾಗಿ ಬಿಟ್ಟು ಕರಿ ಚರ್ಮದ ಸುಕ್ಕುಗಳನ್ನು ಎದ್ದು ಕಾಣಿಸಿದ್ದು ಪ್ರಭಾವತಿ. ಆಕೆಯದೇ ಇನ್ನೊಂದು ಹಟವೂ ಅದರಲ್ಲಿ ಸೇರಿತ್ತು. ಪರದೆಯ ಮೇಲೆ ಮುಖವೊಂದೇ ಕಾಣಬೇಕು, ಸುತ್ತಲಿನದೆಲ್ಲ ಕಪ್ಪಾಗಿರಬೇಕು. ಒಡೆಯನ ಬಡತನವೋ ಕೊಟ್ಟಿಗೆಯ ಸಿರಿವಂತಿಕೆಯೋ ಕಂಡರೆ ನೋಡುವವರ ಮನಸ್ಸು ಅತ್ತ ವಾಲುತ್ತದೆ. ಮುಖ ಸುಳ್ಳು ಹೇಳುವುದಿಲ್ಲ, ಮುಖವೊಂದೇ ಸಾಕು ಎಂದು ಆಕೆ ನಂಬಿದ್ದರು.

ದೀಪಾವಳಿ ಪಾಡ್ಯ ಕಳೆದ ವಾರದ ಒಂದು ಬೆಳಿಗ್ಗೆ, ಪಶು ಆಸ್ಪತ್ರೆಯ ಮಹಡಿಯಲ್ಲಿದ್ದ ನಿಯಂತ್ರಣ ಕೊಠಡಿಯಲ್ಲಿ ಪ್ರಭಾವತಿ ಒಂದು ಅಂಕವನ್ನು ನೋಡಿ ಕನ್ನಡಕ ಒರೆಸಿಕೊಂಡರು. ಗೋಡೆ ತುಂಬ ಊರಿನ ಎಮ್ಮೆಗಳ ದೀಪಗಳು. ಗವಳಿ ಓಣಿಯ ರುಕ್ಮಾಬಾಯಿಯ ಎಮ್ಮೆ ಚಂದ್ರಿ ಎರಡು ದಿನದಿಂದ ಕೆಂಪಾಗಿತ್ತು. ಕರು ಸತ್ತಿದೆ, ಮೇವು ಮುಟ್ಟುತ್ತಿಲ್ಲ, ಹಾಲು ಇಳಿಸುತ್ತಿಲ್ಲ ಎಂಬ ಟಿಪ್ಪಣಿ ಇತ್ತು. ಈ ಹೊತ್ತು ಕೆಂಪು ಉರಿದರೆ ನಾಳೆ ವ್ಯಾನು. ಆದರೆ ಈಗ ಅಲ್ಲಿ ಹಸಿರು ದೀಪವಿತ್ತು, ಪಕ್ಕದಲ್ಲಿ ತೊಂಬತ್ತಾರು. ಮುಖಮಾಪಕ ಹುಟ್ಟಿದಂದಿನಿಂದ, ಪಾಡ್ಯದ ಒಂದು ದಿನ ಬಿಟ್ಟರೆ, ಯಾವ ಎಮ್ಮೆಗೂ ಅಷ್ಟು ಬಿದ್ದಿರಲಿಲ್ಲ.

ಪರದೆಯಲ್ಲಿ ಚಂದ್ರಿಯ ಮುಖ ಮಾತ್ರ ಇತ್ತು. ಕಿವಿ ಮುಂದಕ್ಕೆ ಜೋತಿದ್ದವು, ಕಣ್ಣು ಅರೆ ಮುಚ್ಚಿತ್ತು, ನಾಲಿಗೆ ಹೊರಬಂದು ಕಪ್ಪಿನಲ್ಲಿ ಏನನ್ನೋ ಸವರಿ ಒಳಗೆ ಹೋಗುತ್ತಿತ್ತು.

ನಿರ್ದೇಶಕರಾದ ಹಂಚಿನಾಳ ಸಾಹೇಬರು ಹಿಂದೆ ಬಂದು ನಿಂತು ಹುಬ್ಬೇರಿಸಿದರು. “ಏನ್ರಿ ಇದು ಪ್ರಭಾವತಿಯವರ, ನಿನ್ನಿ ಸಾಯೂ ಹಂಗಿದ್ದ ಎಮ್ಮಿ ಇವತ್ತ ಮದುವಿ ಮನ್ಯಾಗ ಕುಂತಂಗ ಕುಂತೈತಿ?”

“ಎಣ್ಣಿ ಇರಬೇಕ್ರಿ” ಎಂದರು ಪ್ರಭಾವತಿ. ಪಾಡ್ಯದ ದಿನ ಗವಳಿಗರು ಎಮ್ಮೆಗಳಿಗೆ ಮೈತುಂಬ ಎಣ್ಣೆ ಹಚ್ಚಿ, ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ ಓಣಿಯಲ್ಲಿ ಓಡಿಸುತ್ತಾರೆ. ಎಣ್ಣೆ ಹೊಳೆದರೆ ಸುಕ್ಕು ಅಳಿಸಿಹೋಗಿ ಮಾಸ್ತರನಿಗೆ ದಿಕ್ಕು ತಪ್ಪುತ್ತದೆ. ಪ್ರತಿ ವರ್ಷ ಆ ದಿನ ಊರಿನ ಎಮ್ಮೆಗಳೆಲ್ಲ ಪರಮಾನಂದದಲ್ಲಿರುತ್ತಿದ್ದವು. “ನಾಳೆ ಮುಂಜಾನೆ ಹೋಗಿ ಮಾರಿ ಒರಸಿ ನೋಡ್ತೀನಿ.”

“ನೋಡ್ರಿ. ಮೋಸ ಇದ್ರ ಇವತ್ತಿನ ಅಂಕ ತಗದು ಹಾಕ್ರಿ, ಮೂರು ದಿನ ಲೆಕ್ಕ ಆಗ್ತೈತಿ. ಮಧ್ಯಾಹ್ನಕ್ಕ ವ್ಯಾನು ಕಳಸೂನು.”

ಸಂಜೆ ಪ್ರಭಾವತಿ ಸಪ್ತಾಪುರದ ಮನೆಗೆ ಬಂದಾಗ ಎಂದಿನಂತೆ ಊದಿನಕಡ್ಡಿಯ ವಾಸನೆ ಇತ್ತು. ಹಗಲು ಹೊತ್ತು ಅವ್ವನನ್ನು ನೋಡಿಕೊಳ್ಳುವ ನೀಲವ್ವ ದೇವರ ಮುಂದೆ ಹಚ್ಚುತ್ತಾಳೆ ಎಂದು ಆಕೆ ತಿಳಿದಿದ್ದರು. ಮದುವೆಯ ಗೋಜಿಗೆ ಹೋಗದ ಪ್ರಭಾವತಿಗೆ ಮನೆಯಲ್ಲಿ ಅವ್ವ ಒಬ್ಬಳೇ. ಅವ್ವನಿಗೆ ಮರೆವು. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತಾಳೆ, ಉಂಡದ್ದು ಮರೆಯುತ್ತಾಳೆ, ಎದುರು ಮನೆಯವರ ಹೆಸರು ಮರೆಯುತ್ತಾಳೆ.

ಮಗನನ್ನು ಮಾತ್ರ ಮರೆತಿರಲಿಲ್ಲ. ಪ್ರಭಾವತಿಯ ತಮ್ಮ ಮಹಾಂತೇಶ ಎರಡು ವರ್ಷದ ಹಿಂದೆ ಸೊಲ್ಲಾಪುರದಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಮೊದಮೊದಲು ಅವ್ವ ಮಾಂತು ಎಲ್ಲಿ ಎಂದು ಕೇಳುವಳು, ಪ್ರಭಾವತಿ ಇದ್ದದ್ದನ್ನು ಹೇಳುವರು, ಅವ್ವ ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ಅಳುವಳು. ಮರುದಿನ ಮತ್ತೆ ಅದೇ. ನಿಜ ಹೇಳುವುದೇ ಬೇಡ ಎಂದು ಅವ್ವನ ಡಾಕ್ಟರರು ಅಂದರು. ಒಂದು ಸಂಜೆ ಪ್ರಭಾವತಿ ಮಾಂತುವಿನ ಫೋಟೋ ತೆಗೆದು ಕಪಾಟಿನಲ್ಲಿಟ್ಟು, ಅವನು ಫೋನ್ ಮಾಡಿದ್ದ ಎಂದು ಸುಳ್ಳು ಹೇಳಿದರು. ಅವ್ವನ ಮುಖ ಸಡಿಲವಾಯಿತು. ಅಂದಿನಿಂದ ಅದೇ ನಡೆದುಕೊಂಡು ಬಂದಿತ್ತು.

ಈ ಹೊತ್ತೂ ಚಪ್ಪಲಿ ಬಿಡುವಷ್ಟರಲ್ಲಿ ಪ್ರಶ್ನೆ ಬಂತು. “ಮಾಂತುನ ಫೋನ್ ಬಂದಿತ್ತೇನು?”

“ಬಂದಿತ್ತವ್ವಾ. ಆರಾಮ ಅದಾನಂತ. ನೀ ಔಷಧ ತೊಗೋಬೇಕಂತ.”

“ಹೌದಾ” ಎಂದಳು ಅವ್ವ. ಮಗಳ ಮುಖವನ್ನು ಒಂದು ಗಳಿಗೆ ನೋಡಿ ಅತ್ತ ತಿರುಗಿದಳು. ಪ್ರಭಾವತಿ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಪ್ರಾಣಿಗೆ ಸುಳ್ಳು ತೋರಿಸಿ ಹಾಲು ಹಿಂಡುವುದು ಅಪರಾಧ ಎಂದು ಮುಖಮಾಪಕದ ನಿಯಮಾವಳಿಯಲ್ಲಿ ಬರೆದವರೇ ಆಕೆ. ತಾಯಿಗೆ ಸುಳ್ಳು ಹೇಳಬಾರದೆಂದು ಯಾರೂ ಬರೆದಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದುಕೊಂಡು ಆಕೆ ರುಕ್ಮಾಬಾಯಿಯ ಕೊಟ್ಟಿಗೆಗೆ ಹೋದರು. ರುಕ್ಮಾಬಾಯಿ ದಪ್ಪ ದನಿಯ, ಗಟ್ಟಿ ಮೈಯ ಹೆಂಗಸು. ಬೇರೆ ಎಮ್ಮೆಗಳ ಹಾಲಿನ ಕ್ಯಾನು ಹೊರಗೆ ಸಾಲಾಗಿಡುತ್ತಿದ್ದವಳು ಡಾಕ್ಟರರನ್ನು ಕಂಡು ಬಾಗಿಲಿಗೆ ಅಡ್ಡ ಬಂದಳು. ಅಡ್ಡ ಬರಬಾರದಿತ್ತು, ಪ್ರಭಾವತಿಗೆ ಅನುಮಾನ ಬಂದದ್ದೇ ಅದರಿಂದ.

“ಬರ್ರಿ ಬಾಯಾರ, ಹೊರಗ ಕುಂದರ್ರಿ. ಒಳಗ ರಾಡಿ ಐತಿ.”

“ರಾಡಿ ನನಗೇನ ಹೊಸದಲ್ಲ” ಎಂದು ಪ್ರಭಾವತಿ ಒಳಗೆ ಹೋಗಿ ಚಂದ್ರಿಯ ಮುಖ ಒರೆಸಿದರು. ಬಟ್ಟೆಗೆ ಎಣ್ಣೆ ಹತ್ತಲಿಲ್ಲ. ಮುಖ ಒಣಗಿತ್ತು. ಗೋದಲಿಯ ಬುಡದಲ್ಲಿ ಗೋಣಿಚೀಲದ ಕೆಳಗೆ ಏನೋ ಮಲಗಿತ್ತು. ಚೀಲ ಎತ್ತಿದರು.

ಕರು. ಕಣ್ಣಿನ ಜಾಗದಲ್ಲಿ ತೂತು, ಕಾಲಿನ ಜಾಗದಲ್ಲಿ ನಾಲ್ಕು ಕೋಲು. ಸತ್ತ ಕರುವಿನ ಚರ್ಮ ಸುಲಿದು, ಉಪ್ಪು ತಿಕ್ಕಿ, ಒಳಗೆ ಒಣಹುಲ್ಲು ತುರುಕಿ, ಹೊಟ್ಟೆಯ ಕೆಳಗೆ ಗೋಣಿ ದಾರದಿಂದ ಹೊಲಿದದ್ದು. ಇಂಥದ್ದನ್ನು ಮುಂದಿಟ್ಟರೆ ಕರು ಕಳಕೊಂಡ ಎಮ್ಮೆ ಹಾಲು ಇಳಿಸುತ್ತದೆ ಎಂದು ಪ್ರಭಾವತಿ ಪುಸ್ತಕದಲ್ಲಿ ಓದಿದ್ದರು. ನಿಯಮ ಬರೆದದ್ದೂ ಓದಿಯೇ. ಕಣ್ಣಾರೆ ಕಂಡದ್ದು ಇದೇ ಮೊದಲು.

“ಇದು ವಂಚನಿ ಆಗ್ತೈತ್ರಿ ರುಕ್ಮಾಬಾಯಾರ. ಗೊತ್ತಿದ್ದೂ ಮಾಡೀರಿ.”

“ಗೊತ್ತಿದ್ದ ಮಾಡೇನ್ರಿ. ಮಾಡಲಿಲ್ಲಂದ್ರ ನಿಮ್ಮ ವ್ಯಾನು ಒಯ್ತಿತ್ತಲ್ಲ. ಇದರ ಅಜ್ಜಿ ಎಮ್ಮಿ ನನ್ನ ಜೋಡಿ ತವರಮನಿಯಿಂದ ನಡಕೋತ ಬಂದದ್ದರಿ. ಇದರ ಅವ್ವ ಈ ಕೊಟ್ಟಿಗ್ಯಾಗ ಹುಟ್ಟಿತು, ಇದೂ ಇಲ್ಲೇ ಹುಟ್ಟಿತು. ನಿಮ್ಮ ಆರೈಕಿ ಕೇಂದ್ರದಾಗ ಇದನ್ನ ಹೆಸರಲೆ ಕರಿಯಾವ್ರು ಯಾರದಾರ?” ರುಕ್ಮಾಬಾಯಿ ಚಂದ್ರಿಯ ಹಗ್ಗ ಹಿಡಿದು ನಿಂತಳು. “ನನಗ ದಂಡ ಹಾಕ್ರಿ. ಅದನ್ನ ಒಯ್ಯಬ್ಯಾಡ್ರಿ.”

ಪ್ರಭಾವತಿ ಹುಲ್ಲಿನ ಕರುವನ್ನು ಎತ್ತಿಕೊಂಡು ಹೊರಬಂದರು. ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಹಿಂದೆ ಚಂದ್ರಿ ಕೂಗಲಿಲ್ಲ. ಗೋದಲಿಯ ಮೇಲಿನ ದೀಪ ಸ್ವಲ್ಪ ಹೊತ್ತಿಗೆಲ್ಲ ಹಳದಿಯಾಗಿ ಆಮೇಲೆ ಕೆಂಪಾಯಿತು.

ನಿಯಂತ್ರಣ ಕೊಠಡಿಗೆ ಒಯ್ದು ಮೇಜಿನ ಮೇಲಿಟ್ಟರೆ ವಾಸನೆಗೆ ಅಲ್ಲಿ ಕೆಲಸಕ್ಕಿದ್ದ ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡು ಎದ್ದುಹೋದರು. ಹಂಚಿನಾಳ ಸಾಹೇಬರು ದೂರದಿಂದಲೇ ನೋಡಿ ಸಾಕು ಸಾಕು ಎಂದರು. “ಅಂಕ ತಗದು ಹಾಕ್ರಿ. ಎಮ್ಮಿ ಒಯ್ಯೂ ಆದೇಶಕ್ಕ ಸಹಿ ಮಾಡ್ರಿ. ವ್ಯಾನಿಗೆ ಹೇಳ್ತೀನಿ.”

ಪ್ರಭಾವತಿ ಅಂಕ ತೆಗೆದು ಹಾಕುವ ಮುಂಚೆ ಹಿಂದಿನ ದಿನದ ಚಿತ್ರವನ್ನು ಮತ್ತೊಮ್ಮೆ ನೋಡಿದರು. ಈ ಸಲ ಅವರಿಗೆ ಕಪ್ಪಿನಲ್ಲಿ ಏನಿದೆ ಎಂದು ಗೊತ್ತಿತ್ತು. ಚಂದ್ರಿ ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ನಡುವೆ ತುಟಿಯಿಂದ ಏನೋ ಜಗ್ಗಿ ಅಗಿಯುತ್ತಿತ್ತು, ಮತ್ತೆ ನೆಕ್ಕುತ್ತಿತ್ತು. ಅಗಿಯುವಾಗಲೂ ಅಂಕ ತೊಂಬತ್ತಾರೇ ಇತ್ತು. ಪ್ರಭಾವತಿ ತಿರುಗಿ ಮೇಜಿನ ಮೇಲಿನ ಕರುವನ್ನು ನೋಡಿದರು. ಹೊಟ್ಟೆಯ ಹೊಲಿಗೆ ಒಂದೆಡೆ ಬಿಚ್ಚಿತ್ತು. ಅಲ್ಲಿಂದ ಹುಲ್ಲು ಹಿರಿದುಕೊಂಡ ಗುರುತಿತ್ತು.

ಎಮ್ಮೆ ತನ್ನ ಕರುವಿನ ಹೊಟ್ಟೆಯ ಹುಲ್ಲು ತಿನ್ನುತ್ತಿತ್ತು. ಅದು ಹುಲ್ಲು ಎಂದು ತಿಳಿಯದೆ ಯಾವ ಎಮ್ಮೆಯೂ ತಿನ್ನುವುದಿಲ್ಲ.

ಆಕೆ ಸಹಿ ಮಾಡದೆ ಕರುವನ್ನು ಎತ್ತಿಕೊಂಡು ಮತ್ತೆ ಗವಳಿ ಓಣಿಗೆ ಹೊರಟರು. ದಾರಿಯಲ್ಲಿ ಜನ ನೋಡಿ ನಕ್ಕಿರಬೇಕು, ಅವರು ಗಮನಿಸಲಿಲ್ಲ. ಹಂಚಿನಾಳ ಸಾಹೇಬರು ವ್ಯಾನನ್ನು ಆಗಲೇ ಹೊರಡಿಸಿದ್ದರು.

ರುಕ್ಮಾಬಾಯಿ ಹಾಲು ಹಾಕಲು ಹೋಗಿದ್ದಳು. ಪ್ರಭಾವತಿ ತಾವೇ ಕರುವನ್ನು ಚಂದ್ರಿಯ ಮುಂದೆ ನಿಲ್ಲಿಸಿದರು. ಚಂದ್ರಿ ಮೂಸಿತು, ಉಸಿರು ಬಿಟ್ಟಿತು, ಮುಖ ತಿರುಗಿಸಿತು. ದೀಪ ಕೆಂಪಾಗಿಯೇ ಇತ್ತು. ಪ್ರಭಾವತಿ ಕರುವಿನ ಕುತ್ತಿಗೆ ತುರಿಸಿದರು, ಅತ್ತಿತ್ತ ಆಡಿಸಿದರು. ಚಂದ್ರಿ ಈ ಆಟವನ್ನು ನೋಡುವ ಸೌಜನ್ಯವನ್ನೂ ತೋರಲಿಲ್ಲ.

ಅಷ್ಟರಲ್ಲಿ ರುಕ್ಮಾಬಾಯಿ ಬಂದಳು. ಕರುವನ್ನೂ ಡಾಕ್ಟರರನ್ನೂ ನೋಡಿದಳು. ತಂಬಿಗೆ ತಂದು ಕುಕ್ಕುರುಗಾಲಲ್ಲಿ ಕೂತು, ಎಡಗೈಯಿಂದ ಕರುವನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡಳು. “ಬಾಳ್ಯಾ, ಏ ಬಾಳ್ಯಾ, ನಿಮ್ಮವ್ವ ಸಿಟ್ಟಾಗ್ಯಾಳ ನೋಡು” ಎಂದು ಸತ್ತ ಕರುವಿನ ಹೆಸರು ಹಿಡಿದು ಮಾತಾಡಿಸಿದಳು. ಚಂದ್ರಿಯ ಕಿವಿ ಮುಂದಕ್ಕೆ ಬಂದವು. ಕತ್ತು ಬಗ್ಗಿಸಿ ಕರುವನ್ನು ನೆಕ್ಕಿತು, ರುಕ್ಮಾಬಾಯಿಯ ತೋಳನ್ನು ನೆಕ್ಕಿತು, ಮತ್ತೆ ಕರುವನ್ನು ನೆಕ್ಕಿತು. ತಂಬಿಗೆಯಲ್ಲಿ ಹಾಲಿನ ಸದ್ದು ಕೇಳಿಸಿತು. ದೀಪ ಹಳದಿಯಾಗಿ ಹಸಿರಾಯಿತು.

“ಒಂದು ನಿಮಿಷ ತಡೀರಿ” ಎಂದು ಪ್ರಭಾವತಿ ಕರುವನ್ನು ಆಚೆ ತೆಗೆದುಕೊಂಡರು. ರುಕ್ಮಾಬಾಯಿ ಒಬ್ಬಳೇ ಕೂತು ಅದೇ ಮಾತು ಆಡಿದಳು. ಹಾಲು ನಿಂತಿತು, ಅಂಕ ಇಳಿಯಿತು. ಕರುವನ್ನು ವಾಪಸಿಟ್ಟರು. ಏರಿತು. ಕರುವೊಂದೇ ಸಾಲದು, ರುಕ್ಮಾಬಾಯಿ ಒಬ್ಬಳೇ ಸಾಲಳು. ಇಬ್ಬರೂ ಬೇಕು.

“ಇದಕ್ಕ ಗೊತ್ತೈತೇನ್ರಿ, ಇದು ಹುಲ್ಲು ಅಂತ?” ಎಂದು ಪ್ರಭಾವತಿ ಕೇಳಿದರು.

“ನಿಮ್ಮ ಮಾಸ್ತರನ್ನ ಕೇಳ್ರಿ. ನನಗ ಹಾಲ ಬಂದ್ರ ಆತು” ಎಂದಳು ರುಕ್ಮಾಬಾಯಿ. ಆಮೇಲೆ ಬಿಚ್ಚಿದ ಹೊಲಿಗೆಯನ್ನು ನೋಡಿ ಎಮ್ಮೆಯನ್ನು ಗದರಿದಳು. “ಮತ್ತ ತಿಂದಿ ಏನ ಕಳ್ಳಿ? ಎಷ್ಟ ಸಲ ಹೊಲೀಲಿ ನಾ?”

ವ್ಯಾನು ಓಣಿಯ ತುದಿಯಲ್ಲಿ ಬಂದು ನಿಂತಿತು. ಅದರ ಹಿಂದೆಯೇ ಪ್ರಭಾವತಿಯ ಫೋನು ಬಡಿದುಕೊಂಡಿತು.

“ಸಹಿ ಎಲ್ಲೈತ್ರಿ?” ಎಂದರು ಹಂಚಿನಾಳ ಸಾಹೇಬರು.

“ಮಾಡಿಲ್ರಿ.”

“ನಿಯಮ ನೀವ ಬರದದ್ದು.”

“ಹೌದ್ರಿ, ನಾನ ಬರದದ್ದು. ಪ್ರಾಣಿನ್ನ ವಂಚಿಸಿದ್ರ ಒಯ್ಯಬೇಕು ಅಂತ ಬರದೇನಿ. ಇಲ್ಲಿ ಯಾರು ಯಾರನ್ನ ವಂಚಿಸ್ಯಾರು ಅಂತ ನನಗ ತಿಳೀವಲ್ದು. ತಿಳಿಯೂ ಮಟಾ ಸಹಿ ಮಾಡೂದಿಲ್ಲ.”

“ಮ್ಯಾಲಿನವರು ವಿಚಾರಣಿ ಇಡ್ತಾರ್ರಿ. ಏನಂತ ಹೇಳ್ಲಿ ನಾನು ಅವರಿಗೆ?”

“ಎಮ್ಮಿ ಕರುವಿನ ಹೊಟ್ಟ್ಯಾಗಿನ ಹುಲ್ಲ ತಿಂದು ಅದನ್ನ ನೆಕ್ಕಾಕತ್ತೈತಿ ಅಂತ ಹೇಳ್ರಿ. ಅವರಿಗೇನರೆ ತಿಳದ್ರ ನನಗೂ ಹೇಳ್ರಿ.”

“ಸಹಿ ಇಲ್ಲದ ಒಯ್ಯಾಕ ಬರೂದಿಲ್ಲ” ಎಂದು ಗೊಣಗಿ ಸಾಹೇಬರು ಫೋನ್ ಇಟ್ಟರು. ವ್ಯಾನು ಖಾಲಿಯಾಗಿ ಹಿಂದಕ್ಕೆ ಹೋಯಿತು. ರುಕ್ಮಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾಕ್ಕೆ ಚಂದ್ರಿಯ ಹಾಲನ್ನೇ ಹಾಕಿ ತಂದುಕೊಟ್ಟಳು. ಪ್ರಭಾವತಿ ಕುಡಿದರು. ಸ್ವಲ್ಪ ಉಪ್ಪುಪ್ಪಾಗಿತ್ತು, ಅಥವಾ ಅವರಿಗೆ ಹಾಗೆನಿಸಿತು.

ಮೈಯೆಲ್ಲ ಚರ್ಮದ ವಾಸನೆ ಹೊಡೆಯುತ್ತಿತ್ತು. ಸ್ನಾನ ಮಾಡಿ ಆಫೀಸಿಗೆ ಹೋದರಾಯಿತು ಎಂದು ಪ್ರಭಾವತಿ ಮನೆಯ ಕಡೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಅವರು ಮನೆಗೆ ಬಂದದ್ದೇ ಇರಲಿಲ್ಲ.

ಅಂಗಳದಲ್ಲಿಯೇ ಊದಿನಕಡ್ಡಿಯ ವಾಸನೆ ಬಂತು. ಕಿಟಕಿಯಿಂದ ಅವ್ವ ಕಾಣುತ್ತಿದ್ದಳು. ಮಂಚದ ಮೇಲೆ ದಿಂಬಿಗೆ ಆನಿಸಿ ಮಾಂತುವಿನ ಫೋಟೋ ಇಟ್ಟಿದ್ದಳು. ಕಪಾಟಿನಲ್ಲಿದ್ದ ಫೋಟೋ. ಅದಕ್ಕೊಂದು ಸೇವಂತಿಗೆ ಏರಿಸಿ, ಹಣೆಗೆ ವಿಭೂತಿ ಹಚ್ಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ.

ಪ್ರಭಾವತಿ ಹಿತ್ತಲಿಗೆ ಸುತ್ತಿ ಹೋದರು. ನೀಲವ್ವ ಪಾತ್ರೆ ತಿಕ್ಕುತ್ತಿದ್ದಳು.

“ಅವ್ವ ಏನ ಮಾಡಾಕತ್ತಾಳ ನೀಲವ್ವಾ?”

“ದಿನಾ ಮಾಡ್ತಾರಲ್ರಿ ಅಕ್ಕಾರ, ಮಾಂತಣ್ಣಾರ ಪೂಜಿ. ನೀವು ಬರೂ ಹೊತ್ತಿಗೆ ತಗದು ಒಳಗ ಇಟ್ಟಬಿಡ್ತಾರ.” ನೀಲವ್ವ ಕೈಯ ಬೂದಿ ತೊಳೆದುಕೊಂಡಳು. “ನಿಮಗ ಗೊತ್ತೈತಿ ಅಂತ ಮಾಡಿದ್ದೆ ನಾ.”

“ನಿನ್ನ ಕಡೆ ಕೇಳ್ತಾಳೇನು? ಮಾಂತುನ ಫೋನ್ ಬಂದಿತ್ತೇನು ಅಂತ?”

“ನನ್ನ ಕಡೆ ಯಾಕ ಕೇಳ್ತಾರ್ರಿ? ಮಾಂತಣ್ಣಾರು ತೀರಿಕೊಂಡಾರಂತ ನನಗ ಹೇಳಿದಾವ್ರ ಅವರು.”

ಪ್ರಭಾವತಿ ಹಿತ್ತಲ ಕಟ್ಟೆಯ ಮೇಲೆ ಕೂತರು. ಗೋಡೆ ತುಂಬ ಎಮ್ಮೆಗಳ ಮುಖ ಓದುವ ಅವರಿಗೆ ಒಂದು ಮುಖ ಇಷ್ಟು ದಿನ ಓದಲಿಕ್ಕೆ ಬಂದಿರಲಿಲ್ಲ. ಅವರು ನೋಡುತ್ತಿದ್ದದ್ದು ಮುಖವೊಂದನ್ನೇ. ಎದುರಿಗೆ ನಿಂತು ಸುಳ್ಳು ಹೇಳುತ್ತಿದ್ದ ತಮ್ಮನ್ನೇ ತಾವು ಕಪ್ಪಿನಲ್ಲಿ ಬಿಟ್ಟಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಲ್ಲೇ ಮುಖ ತೊಳೆದುಕೊಂಡು, ನಾನು ಬಂದಿದ್ದೆ ಅಂತ ಹೇಳಬೇಡ ಎಂದು ನೀಲವ್ವನಿಗೆ ಹೇಳಿ, ವಾಸನೆ ಹೊತ್ತುಕೊಂಡೇ ಆಫೀಸಿಗೆ ಹೋದರು.

ಸಂಜೆ ಎಂದಿನ ಹೊತ್ತಿಗೆ ಬಂದರು. ಮಂಚದ ಮೇಲೆ ಫೋಟೋ ಇರಲಿಲ್ಲ, ಹೂವಿನ ಒಂದು ಎಸಳು ಮಾತ್ರ ಹಾಸಿಗೆಯ ಅಂಚಿಗೆ ಉಳಿದಿತ್ತು. ಅವ್ವ ಬಾಗಿಲ ಕಡೆ ನೋಡುತ್ತ ಕೂತಿದ್ದಳು.

“ಮಾಂತುನ ಫೋನ್ ಬಂದಿತ್ತೇನು?”

ಪ್ರಭಾವತಿ ಚಪ್ಪಲಿ ಬಿಟ್ಟರು. “ಇಲ್ಲವ್ವಾ” ಎಂದರು. “ಇವತ್ತ ಬರಲಿಲ್ಲ.”

ಅವ್ವ ಎದೆ ಬಡಿದುಕೊಳ್ಳಲಿಲ್ಲ. ಮಗಳನ್ನು ಹತ್ತಿರ ಕರೆದು ಕೂಡಿಸಿಕೊಂಡು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಮುಖವನ್ನು ಬಹಳ ಹೊತ್ತು ನೋಡಿದಳು. ಹುಬ್ಬಿನ ನಡುವೆ ಹೆಬ್ಬೆರಳಿಟ್ಟು, ಅಲ್ಲಿದ್ದ ಸುಕ್ಕನ್ನು ಹಿಟ್ಟು ಸಪಾಟು ಮಾಡುವ ಹಾಗೆ ಮೆಲ್ಲಗೆ ಸವರಿದಳು.

“ಇರ್ಲಿ ಬಿಡು. ಅದಕ್ಯಾಕ ಮಾರಿ ಸಣ್ಣ ಮಾಡ್ಕೋತಿ?” ಎಂದಳು. “ನಾಳೆ ಬಂದಿತ್ತು ಅಂತ ಹೇಳೀಯಂತ. ಏಳು, ರೊಟ್ಟಿ ಆರಾಕತ್ತಾವು.”